ಕುರಿ ರೊಪ್ಪದ ದಂಡು

ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ, ಎಡಗೈಯಲ್ಲಿ ಅರ್ಧ ಕಚ್ಚಿದ ಮಿರ್ಚಿ ಹಿಡಿದುಕೊಂಡು, ನಾನು ನಮ್ಮ ದಂಡನಾಯಕರ ಆಜ್ಞೆ ಮೀರಿದೆ. ಇದಕ್ಕಿಂತ ಘನವಾದ ಜಾಗಗಳಲ್ಲಿ ಜನ ದಂಗೆ ಎದ್ದಿರಬಹುದು. ನನಗೆ ಸಿಕ್ಕಿದ್ದು ಇದು. ಮಿರ್ಚಿ ಖಾರವಿತ್ತು, ಕಣ್ಣಲ್ಲಿ ನೀರು ಬಂದಿತ್ತು. ಪಕ್ಕದಲ್ಲಿ ನಿಂತವರೊಬ್ಬರು ಗಾಬರಿಯಾಗಿ, "ಏನ್ರೀ, ಮನೇಲಿ ಎಲ್ಲಾ ಅರಾಮಾ?" ಎಂದು ಕೇಳಿದರು. ಅರಾಮು ಎಂದೆ. ಒಂದು ಆಸ್ಪತ್ರೆ, ಒಂದಷ್ಟು ಲಾರಿ, ನಡೆದು ನಡೆದು ಸೋತ ಒಂದು ಕಾಲಾಳು ಪಡೆ ಆ ಹೊತ್ತಿಗೆ ನನ್ನ ಹೆಬ್ಬೆರಳಿನ ಕೆಳಗೆ ಇದ್ದವು ಎಂದು ಅವರಿಗೆ ಹೇಗೆ ಹೇಳುವುದು?

ನಾನು ಸೊರಬದ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ. ಮನೆ ಶಿಕಾರಿಪುರ. ದಿನಾ ಬಸ್ಸಿನಲ್ಲಿ ಹೋಗುತ್ತೇನೆ, ದಿನಾ ಬಸ್ಸಿನಲ್ಲಿ ಬರುತ್ತೇನೆ, ಎರಡೂ ಕಡೆ ದಾರಿಯುದ್ದಕ್ಕೂ ಚಿಂತೆ ಮಾಡುತ್ತೇನೆ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂಬುದು ಎಲ್ಲರೂ ಮಾಡುವ ಚಿಂತೆ. ಗ್ಯಾಸ್ ಆಫ್ ಮಾಡಿದ್ದು ನನಗೆ ನೆನಪಿದೆ, ಆದರೆ ಆ ನೆನಪು ನಿನ್ನೆಯದ್ದಾಗಿದ್ದರೆ ಏನು ಗತಿ ಎಂಬುದು ನನ್ನ ಚಿಂತೆ. ಹತ್ತುವ ಮೊದಲು ಬಸ್ಸಿನ ಟೈರನ್ನು ಒಮ್ಮೆ ನೋಡುತ್ತೇನೆ. ಟೈರಿನ ಬಗ್ಗೆ ನನಗೆ ಏನೂ ಗೊತ್ತಿಲ್ಲ.

ಬಿ.ಪಿ. ನೋಡಿದ ಡಾಕ್ಟರು, "ನಿಮಗೆ ಮಾತ್ರೆಗಿಂತ ಒಂದು ಹವ್ಯಾಸ ಬೇಕು ನೋಡ್ರಿ. ತಲೆ ಬೇರೆ ಕಡೆ ಹೋಗ್ಬೇಕು," ಎಂದರು. ತಲೆಯನ್ನು ಬೇರೆ ಕಡೆ ಕಳಿಸಿದೆ. ಅದು ಯುದ್ಧಕ್ಕೆ ಹೋಯಿತು. ನನ್ನ ಹೆಂಡತಿ ಸೊರಬದ ಕಡೆಯವಳು, ದನಿ ಏರಿಸದೆ ಚುಚ್ಚುವುದು ಅವಳ ತವರಿನ ಬಳುವಳಿ. "ಡಾಕ್ಟ್ರು ಎಂತ ಹೇಳಿದ್ದು, ನೀವು ಎಂತ ಮಾಡ್ತಿರೋದು ಮಾರಾಯ್ರೆ? ನಾಲ್ಕು ಹೂವಿನ ಗಿಡ ಹಾಕ್ತೀರಿ ಅಂದ್ಕೊಂಡಿದ್ದೆ. ನೀವು ಫಿರಂಗಿ ತಂದ್ರಿ."

ಆಟ ಇಷ್ಟೇ. ಒಂದು ನಕಾಶೆ. ಜೇನುಗೂಡಿನ ಹಾಗೆ ಆರು ಮೂಲೆಯ ಮನೆಗಳು. ಹಳೆಯ ಮಹಾಯುದ್ಧದ ಕಾಲದ ಟ್ಯಾಂಕು, ಫಿರಂಗಿ, ಲಾರಿ, ಕಾಲಾಳು. ದೇಶಗಳು ಮಾತ್ರ ಕಲ್ಪನೆಯವು. ಆ ಕಡೆ ಆರು ಜನ, ಈ ಕಡೆ ಆರು ಜನ. ತಮ್ಮ ತುಕಡಿಗಳು ಎಲ್ಲಿಗೆ ನಡೆಯಬೇಕು ಎಂದು ಪ್ರತಿಯೊಬ್ಬರೂ ಸಂಜೆ ಎಂಟರೊಳಗೆ ಗುರುತು ಹಾಕಿ ಕಳಿಸಬೇಕು. ಆಮೇಲೆ ಕಂಪ್ಯೂಟರು ಎರಡೂ ಕಡೆಯ ನಡೆಗಳನ್ನು ಕೂಡಿಸಿ, ಯಾರು ಉಳಿದರು ಯಾರು ಹೋದರು ಎಂದು ಬೆಳಿಗ್ಗೆ ತೋರಿಸುತ್ತದೆ. ಭಾನುವಾರ ರಜೆ. ಸರಕಾರಿ ಆಫೀಸಿಗಿಂತ ಶಿಸ್ತು.

ಇದನ್ನು ಆಡುವ ಕನ್ನಡದವರದ್ದೇ ಒಂದು ಕೂಟ ಇಂಟರ್‌ನೆಟ್ಟಿನಲ್ಲಿ ಇದೆ ಎಂದು ಗೊತ್ತಾಗಿ ಸೇರಿಕೊಂಡೆ. ಮುಖ ನೋಡಿದವರು ಯಾರೂ ಇಲ್ಲ. ಮೈಸೂರಿನ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ನಮ್ಮ ತಂಡದ ದಂಡನಾಯಕರು. ಹುಬ್ಬಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರೊಬ್ಬರು ಟ್ಯಾಂಕು ನಡೆಸುತ್ತಿದ್ದರು. ಗಿರಾಕಿಗೆ ಮೊಳೆ ತೂಗಿ ಕೊಡುತ್ತಲೇ ಒಂದು ಊರು ಹಿಡಿಯುವ ಛಾತಿ ಅವರದ್ದು. ನನಗೆ ಅವರೇ ಹೆಚ್ಚು ಹತ್ತಿರ.

ಆ ಕೂಟಕ್ಕೆ ಒಂದು ಪದ್ಧತಿಯಿದೆ. ಆಟ ಮುಗಿದ ಮೇಲೆ ಸೋತವರೇ ಮೊದಲು ಬರೆಯಬೇಕು. ಸೋತ ಕಡೆಯಲ್ಲಿ ಯಾರ ತುಕಡಿ ಕೊನೆಗೆ ಬಿತ್ತೋ ಅವರು, ಏನಾಯಿತು ಹೇಗಾಯಿತು ಎಂದು ಎಲ್ಲರೂ ಓದುವ ಪುಟದಲ್ಲಿ ವರದಿ ಹಾಕಬೇಕು. ಅದು ಬರುವವರೆಗೆ ಬೇರೆ ಯಾರೂ ಆ ಆಟದ ಬಗ್ಗೆ ಒಂದಕ್ಷರ ಬರೆಯುವಂತಿಲ್ಲ. ಗೆದ್ದವರೂ ಬಾಯಿ ಮುಚ್ಚಿಕೊಂಡು ಕಾಯಬೇಕು. ಯಾರು ಮಾಡಿದ ನಿಯಮವೋ, ಜೀವನದಲ್ಲಿ ಬಹಳ ಸೋತ ಯಾರೋ ಮಾಡಿರಬೇಕು.

ನಾನು ಸೇರಿದ ಹೊಸದರಲ್ಲೇ ಮೊದಲು ಬರೆಯುವ ಭಾಗ್ಯ ನನ್ನದಾಯಿತು. ಏಕೆಂದರೆ ನಮ್ಮ ಮನೆತನದವರು ಬಿಟ್ಟರೆ ಬೇರೆ ಯಾರೂ ಮಾಡಲಾರದ ಒಂದು ತಪ್ಪು ಮಾಡಿದ್ದೆ. ನಮ್ಮದು ಕುರಿ ಸಾಕುವ ಮನೆ. ಅಣ್ಣ ಈಗಲೂ ಸಾಕುತ್ತಾನೆ. ಹೊತ್ತು ಮುಳುಗಿತೆಂದರೆ ಕುರಿಗಳನ್ನೆಲ್ಲ ಒತ್ತೊತ್ತಾಗಿ ಒಂದು ಕಡೆ ಸೇರಿಸಿ, ಸುತ್ತ ಬಲೆ ಕಟ್ಟಿ, ರೊಪ್ಪ ಮಾಡುವುದು. ತೋಳ ಬರಲಿ, ಕಳ್ಳ ಬರಲಿ, ನಡುವಿನ ಮರಿಗಳಿಗೆ ಏನೂ ಆಗದು. ಇದು ನನ್ನ ಮೈಯಲ್ಲೇ ಇದ್ದ ವಿದ್ಯೆ. ಹಾಗಾಗಿ ಆ ದಿನದ ನಡೆ ಮುಗಿಸುವಾಗ ನನ್ನ ತುಕಡಿಗಳನ್ನೆಲ್ಲ ಒಂದಕ್ಕೊಂದು ಅಂಟಿಸಿ ನಿಲ್ಲಿಸಿದೆ, ಲಾರಿಗಳು ನಡುವೆ, ಬಂದೂಕಿನವರು ಸುತ್ತ. ನೋಡಿದರೆ ಕಣ್ಣು ತುಂಬುವ ಹಾಗಿತ್ತು. ತೋಳಕ್ಕೆ ಫಿರಂಗಿ ಇರುವುದಿಲ್ಲ ಎಂಬುದು ಬೆಳಿಗ್ಗೆ ಹೊಳೆಯಿತು. ಒಂದೇ ಸುರಿಮಳೆಗೆ ನನ್ನ ಇಡೀ ದಂಡು ಹೋಗಿತ್ತು.

ಇದ್ದದ್ದು ಇದ್ದಂತೆ ಬರೆದೆ. ನಕ್ಕರು. ಯಾರೋ ಹೆಲ್ಮೆಟ್ ಹಾಕಿದ ಕುರಿಯ ಚಿತ್ರ ಮಾಡಿ ಹಾಕಿದರು. ಅಂದಿನಿಂದ ಕೂಟದಲ್ಲಿ ಯಾರಾದರೂ ತುಕಡಿಗಳನ್ನು ಒತ್ತಿ ನಿಲ್ಲಿಸಿದರೆ, "ರೊಪ್ಪ ಹಾಕಬೇಡ್ರೀ" ಎನ್ನುವುದು ರೂಢಿಯಾಯಿತು. ನಾನು ಆ ಕುರಿಯ ಚಿತ್ರವನ್ನೇ ನನ್ನ ಹೆಸರಿನ ಪಕ್ಕ ಹಾಕಿಕೊಂಡೆ. ಹೌದು, ನಮ್ಮದು ಕುರಿ ಮನೆ. ಏನೀಗ? ಹೀಗೆ ಧೈರ್ಯ ತೋರಿಸಿ ಆಮೇಲೆ ಎರಡು ದಿನ, ಅತಿಯಾಯಿತೇನೋ ಎಂದು ಚಿಂತೆ ಮಾಡಿದೆ.

ಆದರೆ ಆ ವರದಿಯನ್ನು ದಂಡನಾಯಕರು ಬೇರೆ ಕಣ್ಣಿನಿಂದ ಓದಿದ್ದರು. ನನಗೆ ಫೋನ್ ಮಾಡಿದರು. "ನೀವು ಮಾಡಿದ್ದು ತಪ್ಪು ಸಾರ್. ಆದ್ರೆ ಲಾರಿಗಳನ್ನ ನಡುವೆ ಇಟ್ರಿ ನೋಡಿ. ನಮ್ಮಲ್ಲಿ ಎಲ್ಲರಿಗೂ ಟ್ಯಾಂಕೇ ಬೇಕು. ಡೀಸೆಲ್ ಬಗ್ಗೆ, ಅಕ್ಕಿ ಬಗ್ಗೆ, ಗಾಯ ಆದವರ ಬಗ್ಗೆ ಯಾರೂ ಯೋಚನೆ ಮಾಡಲ್ಲ. ಚಿಂತೆ ಮಾಡೋಕೆ ಒಬ್ಬರು ಬೇಕಾಗಿತ್ತು ನಮಗೆ."

ಇಷ್ಟು ವಯಸ್ಸಿಗೆ ಬಂದು, ಚಿಂತೆ ಮಾಡೋಕೆ ನೀವು ಬೇಕು ಎಂದು ನನ್ನನ್ನು ಕರೆದವರು ಇವರೊಬ್ಬರೇ. ಮನೆಯಲ್ಲಿ ನನ್ನ ಚಿಂತೆ ಒಂದು ರೋಗ. ಆಫೀಸಿನಲ್ಲಿ ಅದು ಚಹಾದ ಹೊತ್ತಿನ ತಮಾಷೆ. ಇಲ್ಲಿ ಅದೊಂದು ಹುದ್ದೆ. ಪ್ರತಿ ಆಟದಲ್ಲೂ ಸರಬರಾಜಿನ ಸಾಲು ನನ್ನದಾಯಿತು: ಲಾರಿಗಳು, ಆಸ್ಪತ್ರೆ, ಹಿಂದೆ ಬಿದ್ದ ಕಾಲಾಳುಗಳು, ಅವುಗಳ ಕಾವಲಿಗೆ ನಾಲ್ಕಾರು ವೇಗದ ಗಾಡಿ. ಮಳೆ ಬಂದು ರಸ್ತೆ ಕೆಟ್ಟರೆ ಏನು ಎಂದು ನಾನು ಮೂರು ದಿನ ಮೊದಲೇ ಚಿಂತೆ ಮಾಡಿರುತ್ತಿದ್ದೆ, ಮಳೆ ಬಂದೇ ಬರುತ್ತಿತ್ತು. ಬೇರೆಯವರ ಟ್ಯಾಂಕು ಎಣ್ಣೆಯಿಲ್ಲದೆ ನಿಂತ ಹಾಗೆ ನಮ್ಮವು ಒಮ್ಮೆಯೂ ನಿಲ್ಲಲಿಲ್ಲ. ಬಿ.ಪಿ. ಇಳಿಯಿತು. ಡಾಕ್ಟರು ಹೂವಿನ ಗಿಡ ಎಂದುಕೊಂಡರು, ನಾನು ತಿದ್ದಲು ಹೋಗಲಿಲ್ಲ.

ಆಫೀಸಿನ ಒಬ್ಬರು ನನ್ನ ಫೋನಿನೊಳಗೆ ಇಣುಕಿ, "ಯುದ್ಧ ಅಂದ್ರೆ ಆಟನಾ ಸಾರ್? ಈ ವಯಸ್ಸಲ್ಲಿ?" ಎಂದು ಮುಖ ಸಿಂಡರಿಸಿದರು. ಅವರು ಊಟದ ಬಿಡುವಿನಲ್ಲಿ ಟಿವಿ ಚರ್ಚೆ ನೋಡುತ್ತಾ, ಡಬ್ಬಿಯ ಮುಚ್ಚಳ ತೆಗೆಯುವುದರೊಳಗೆ ಎರಡು ದೇಶ ಗೆದ್ದಿರುತ್ತಾರೆ. ಅವರ ಯುದ್ಧದಲ್ಲಿ ಯಾರಿಗೂ ಹಸಿವಾಗುವುದಿಲ್ಲ, ಯಾರ ಕಾಲೂ ಉಳುಕುವುದಿಲ್ಲ, ಯಾವ ಲಾರಿಯೂ ಕೆಸರಿನಲ್ಲಿ ಹೂಳುವುದಿಲ್ಲ. ನನ್ನ ಆಟದಲ್ಲಿ ಇದೆಲ್ಲ ಆಗುತ್ತದೆ. ಇಬ್ಬರಲ್ಲಿ ಯುದ್ಧವನ್ನು ಆಟ ಅಂದುಕೊಂಡವರು ಯಾರು ಎಂದು ಅವರನ್ನು ಕೇಳಬೇಕಿತ್ತು. ಕೇಳಲಿಲ್ಲ. ಅವರ ಕೈಯಲ್ಲಿ ನನ್ನ ರಜೆ ಅರ್ಜಿ ಇತ್ತು.

ಮೆಕ್ಕೆಜೋಳ ಮುರಿಯುವ ಕಾಲಕ್ಕೆ ಕೂಟದ ದೊಡ್ಡ ಆಟ ಶುರುವಾಯಿತು. ಎದುರು ತಂಡದ ನಾಯಕಿ ಬೆಳಗಾವಿ ಕಡೆಯ ಒಬ್ಬ ಡಾಕ್ಟರಮ್ಮ. ಮಾತು ಬೆಣ್ಣೆ, ಫಿರಂಗಿ ಮಾತ್ರ ತಪ್ಪದೆ ತಲೆ ಮೇಲೆ ಬೀಳುತ್ತಿತ್ತು. ಹದಿನೈದು ದಿನದೊಳಗೆ ನಾವು ಹಿಂದಕ್ಕೆ ಓಡುವ ಸ್ಥಿತಿಗೆ ಬಂದೆವು. ಹಿಂದೆ ಒಂದು ನದಿ, ನದಿಗೆ ಒಂದೇ ಸೇತುವೆ. ದಾಟಿ, ಸೇತುವೆ ಒಡೆದು, ಆಚೆ ದಡದಲ್ಲಿ ನಿಂತರೆ ಬಚಾವು.

ಶನಿವಾರ ದಂಡನಾಯಕರ ಆಜ್ಞೆ ಬಂತು. ಟ್ಯಾಂಕುಗಳು ಸೋಮವಾರ ಹೊರಟು ನೇರ ಸೇತುವೆಗೆ. ನನ್ನ ವೇಗದ ಗಾಡಿಗಳೂ ಅವುಗಳ ಜೊತೆ. ಆಸ್ಪತ್ರೆ, ಲಾರಿ, ಕಾಲಾಳು ಈಗಿರುವ ಕೂಡುರಸ್ತೆಯಲ್ಲೇ ಉಳಿಯುವುದು. ಶತ್ರು ಅವನ್ನು ತಿನ್ನುತ್ತಾ ಕೂರುತ್ತಾನೆ, ಅಷ್ಟರಲ್ಲಿ ಉಳಿದವರು ದಾಟುತ್ತಾರೆ. ಬುಧವಾರ ಸೇತುವೆ ಒಡೆಯುವುದು. ಯಾರಿಗೂ ಕಾಯುವುದಿಲ್ಲ.

ನಾನು ಫೋನ್ ಮಾಡಿದೆ. "ಸಾರ್, ಆಸ್ಪತ್ರೆ ಬಿಟ್ಟು ಹೋಗೋದಾ?"

"ಲೆಕ್ಕ ಹಾಕಿ ನೋಡಿದೀನಿ ಸಾರ್. ಬೇರೆ ದಾರಿ ಇಲ್ಲ."

"ಇಷ್ಟು ದಿನ ಕರ್ಕೊಂಡು ಬಂದಿದೀನಿ ಅವನ್ನ."

ಅವರು ನಿಟ್ಟುಸಿರು ಬಿಟ್ಟರು. ಒಳ್ಳೆಯ ಮನುಷ್ಯ, ನನ್ನ ಮೇಲೆ ಪ್ರೀತಿಯೇ ಇತ್ತು. "ಅವು ಚುಕ್ಕೆಗಳು ಸಾರ್. ಪರದೆ ಮೇಲಿನ ಚುಕ್ಕೆ."

ಅವು ಚುಕ್ಕೆಗಳು ಎಂದು ನನಗೆ ಗೊತ್ತಿಲ್ಲವೇ? ಗೊತ್ತು. ಆದರೆ ಆ ಚುಕ್ಕೆಗಳ ಚಿಂತೆ ಮಾಡಲೆಂದೇ ನನ್ನನ್ನು ಕರೆದಿದ್ದರಲ್ಲ. ಕರೆದವರೇ ಈಗ, ಸಾಕು ನಿಲ್ಲಿಸು ಎನ್ನುತ್ತಿದ್ದರು. ಮೀರಿದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಆಜ್ಞೆ ಮೀರಿದವರಿಗೆ ತಂಡದಲ್ಲಿ ಜಾಗವಿಲ್ಲ. ಅದೂ ಕೂಟದ ನಿಯಮವೇ. ಹುದ್ದೆ ಹೋಗುತ್ತದೆ, ಚಿಂತೆ ಮತ್ತೆ ರೋಗವಾಗುತ್ತದೆ.

ಹುಬ್ಬಳ್ಳಿಯವರು ಸಮಾಧಾನ ಹೇಳಿದರು. "ಹೇಳಿದಂಗ ಮಾಡಿಬಿಡ್ರಿ ಸರ್ರ. ಮುಂದಿನ ಆಟದಾಗ ಮತ್ತ ಹೊಸಾ ಆಸ್ಪತ್ರಿ ಕೊಡ್ತಾರ. ನಮ್ಮ ಅಂಗಡ್ಯಾಗ ಹಳೇ ಸ್ಟಾಕ್ ತಗೀದಿದ್ರ ಹೊಸಾದು ಎಲ್ಲಿಡೂದ್ರಿ?"

ಮಾತು ಸರಿಯಾಗಿಯೇ ಇತ್ತು. ಅದಕ್ಕೇ ಇನ್ನಷ್ಟು ತಳಮಳವಾಯಿತು.

ಭಾನುವಾರ ಅಣ್ಣನ ಹತ್ತಿರ ಹೋದೆ. ಬಳ್ಳಿಗಾವಿ ದಾರಿಯಲ್ಲಿ, ಜೋಳ ಮುರಿದ ಒಂದು ಹೊಲದಲ್ಲಿ ಕುರಿ ನಿಲ್ಲಿಸಿದ್ದ. ಗೊಬ್ಬರಕ್ಕೆಂದು ಹೊಲದವರು ಕರೆಸಿದ್ದರು. ಅಣ್ಣನಿಗೆ ಆಟದ ವಿಷಯ ನನ್ನ ಹೆಂಡತಿಯಿಂದ ತಿಳಿದಿತ್ತು.

"ಬಾರಲೇ ಮಿಲಿಟ್ರಿ. ಬಾರ್ಡರ್‌ನಾಗೆ ರಜಾ ಕೊಟ್ರಾ?"

ಕೂತೆ. ಆ ಕಡೆ ಈ ಕಡೆ ಮಾತಾಡಿ ಆಮೇಲೆ ಕೇಳಿದೆ. "ಅಣ್ಣಾ, ಮಂದೇಲಿ ಕುಂಟೋ ಕುರಿ ಇರ್ತವಲ್ಲ. ಅವಸರಕ್ಕೆ ಎಲ್ಲಿಗಾದ್ರೂ ದಾಟ್ಬೇಕು ಅಂದ್ರೆ ಅವನ್ನ ಬಿಟ್ಟು ಹೋಗ್ತೀಯಾ?"

"ಬಿಟ್ಟು ಹೋಗಾಕೆ ಅವೇನು ಹರಿದ ಚಪ್ಲಿನಾ? ಗೂಡ್ಸ್ ಆಟೋದಾಗೆ ಹಾಕಿ ಕಳಿಸ್ತೀನಿ."

"ಆಟೋ ಸಿಗಲಿಲ್ಲ ಅಂದ್ರೆ?"

"ಫೋನ್ ಮಾಡಿದ್ರೆ ಸಿಗ್ತದೆ."

"ಸಿಗಲ್ಲ ಅಂತ ಇಟ್ಕೋ."

"ಯಾಕ್ ಸಿಗಲ್ಲ? ನಂಬರ್ ಐತಲ್ಲ ನನ್ನತ್ರ."

"ಯುದ್ಧ ನಡೀತೈತೆ, ಆಟೋದವನು ಓಡಿಹೋಗಿದಾನೆ ಅಂತ ಇಟ್ಕೋ."

ಅಣ್ಣ ನನ್ನ ಕಡೆ ತಿರುಗಿದ. "ಬಿ.ಪಿ. ಮಾತ್ರೆ ಸರಿಯಾಗಿ ತಗೋತಿದೀಯೇನಲೇ?" ಎಂದ.

ಅವನಿಂದ ನನಗೆ ಉಪದೇಶ ಸಿಗಲಿಲ್ಲ. ಸಿಕ್ಕಿದ್ದು ಬೇರೆ. ಮಂದೆಯನ್ನು ರಸ್ತೆಯ ಆಚೆಯ ಹೊಲಕ್ಕೆ ದಾಟಿಸುವ ಹೊತ್ತಾಗಿತ್ತು. ಅವನ ಜೊತೆಗಾರ ಊರಿಗೆ ಹೋಗಿದ್ದ. "ನೀ ಮುಂದೆ ಹೋಗಿ ನಿಲ್ಲು," ಎಂದ. ಆಫೀಸಿನ ಪ್ಯಾಂಟು, ಪಾಲಿಶ್ ಮಾಡಿದ ಶೂ. ಹೋದೆ.

ಮಂದೆಯ ಮುಂದೆ ನಡೆಯುವವನ ಕೆಲಸ ದಾರಿ ತೋರಿಸುವುದು ಎಂದು ಎಲ್ಲರೂ ತಿಳಿದಿರುತ್ತಾರೆ. ಅಲ್ಲ. ದಾರಿ ಕುರಿಗಳಿಗೆ ಗೊತ್ತಿರುತ್ತದೆ. ಮುಂದಿನವನ ಕೆಲಸ ತಡೆಯುವುದು. ಗಟ್ಟಿ ಕಾಲಿನ ಕುರಿಗಳು ಯಾವತ್ತೂ ಮುಂದೆ ನುಗ್ಗುತ್ತವೆ. ಅವನ್ನು ಬಿಟ್ಟರೆ ಮಂದೆ ಉದ್ದವಾಗುತ್ತದೆ, ಉದ್ದವಾದರೆ ನಡುವೆ ಕಿಂಡಿ ಬೀಳುತ್ತದೆ, ಕಿಂಡಿ ಬಿದ್ದಲ್ಲಿ ಗಾಡಿ ನುಗ್ಗುತ್ತದೆ. ಮಂದೆ ಒಡೆಯಿತೆಂದರೆ ಎರಡು ತುಂಡೂ ಹೆದರುತ್ತವೆ, ಗಟ್ಟಿ ಕುರಿಗಳೂ ದಿಕ್ಕು ತಪ್ಪುತ್ತವೆ. ಅದಕ್ಕೇ ಮುಂದಿನವನು ಕೋಲನ್ನು ಅಡ್ಡ ಹಿಡಿದು, ಕುರಿಗಳ ಕಡೆಗೇ ಮುಖ ಮಾಡಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ, ಕಟ್ಟಕಡೆಯ ಕುಂಟು ಕುರಿಯ ವೇಗಕ್ಕೆ ಎಲ್ಲವನ್ನೂ ತರುತ್ತಾನೆ. ಇದನ್ನು ನಾನು ಎಷ್ಟೋ ವರ್ಷ ಮಾಡಿದ್ದೆ. ಮರೆತಿದ್ದೆ ಎಂದುಕೊಂಡಿದ್ದೆ. ಕೈಗಳು ತಾವಾಗಿಯೇ ಅಗಲವಾದವು, ಗಂಟಲಿನಿಂದ ಹಳೆಯ ಸದ್ದು ಹೊರಟಿತು.

ಮಂದೆ ಅರ್ಧ ರಸ್ತೆಯಲ್ಲಿರುವಾಗ ಒಂದು ಕಾರು ಬಂದು ಹಾರ್ನ್ ಒತ್ತುತ್ತಾ ನಡುವೆ ಮೂತಿ ತೂರಿಸಿತು. ಅಣ್ಣ ಹಿಂದಿನಿಂದಲೇ ಕೂಗಿದ. "ಓ ಸಾಹೇಬ್ರೇ! ನಿಂದ್ರಿ! ಮಂದೆ ಒಡೀಬ್ಯಾಡ್ರಿ!"

ಕಾರಿನವರು ಗಾಜು ಇಳಿಸಿದರು. "ಲೇಟಾಗ್ತೈತೆ ಕಣ್ರೀ!"

"ಲೇಟಾಗ್ಲಿ! ನಿಮ್ಮ ಕಾರಿಗೆ ನಾಲ್ಕು ಗಾಲಿ ಐತೆ, ಅದಕ್ಕೆ ಮೂರೇ ಕಾಲು. ಯಾರು ಕಾಯ್ಬೇಕು ಹೇಳ್ರಿ?"

ಎಲ್ಲಕ್ಕಿಂತ ಹಿಂದೆ, ಅಣ್ಣನ ಮೊಣಕಾಲಿನ ಪಕ್ಕದಲ್ಲಿ, ಒಂದು ಕುರಿ ಮುಂಗಾಲು ಎತ್ತಿಕೊಂಡು ಮೂರು ಕಾಲಿನಲ್ಲಿ ಕುಪ್ಪಳಿಸುತ್ತಿತ್ತು. ಅದಕ್ಕೇನೂ ಅವಸರವಿರಲಿಲ್ಲ. ಕಾರು ನಿಂತಿತು. ನಾನು ರಸ್ತೆಯ ನಡುವೆ ಕೈ ಅಗಲಿಸಿ ನಿಂತು, ಶೂ ತುಂಬ ಹಿಕ್ಕೆ ಮೆತ್ತಿಕೊಂಡು, ಬಹಳ ದಿನಗಳ ಮೇಲೆ ಯಾವ ಚಿಂತೆಯೂ ಇಲ್ಲದೆ ಇದ್ದೆ.

ಸೋಮವಾರ ಸಂಜೆ ಸೊರಬದಿಂದ ವಾಪಸು ಬರುವಾಗ ಬಸ್ಸು ಶಿರಾಳಕೊಪ್ಪದಲ್ಲಿ ನಿಂತಿತು. ಮುಂದೆ ನೆಟ್‌ವರ್ಕ್ ಸಿಕ್ಕರೆ ಸಿಕ್ಕಿತು. ನಡೆ ಕಳಿಸುವುದಾದರೆ ಅಲ್ಲೇ ಕಳಿಸಬೇಕು. ಇಳಿದು ಮಿರ್ಚಿ ತಗೊಂಡೆ. ವೇಗದ ಗಾಡಿಗಳನ್ನು ಸೇತುವೆಗೆ ಓಡಿಸಲಿಲ್ಲ. ಸಾಲಿನ ಮುಂದೆ ಅಡ್ಡ ನಿಲ್ಲಿಸಿದೆ, ಕಾಲಾಳಿನ ವೇಗ ಎಷ್ಟೋ ಅವಕ್ಕೂ ಅಷ್ಟೇ. ಆಸ್ಪತ್ರೆ ನಡುವೆ, ಲಾರಿಗಳು ಅದರ ಹಿಂದೆ. ಈ ಸಲ ಒತ್ತಿ ನಿಲ್ಲಿಸಲಿಲ್ಲ, ಅಷ್ಟು ಬುದ್ಧಿ ಬಂದಿತ್ತು. "ಶಿಕಾರಿಪುರ, ಶಿಕಾರಿಪುರ! ಹತ್ರೀ ಸಾರ್, ತಿನ್ನೋದು ಒಳಗೆ ತಿನ್ರೀ," ಎಂದು ಕಂಡಕ್ಟರ್ ಕೂಗಿದರು. ಎಣ್ಣೆ ಹತ್ತಿದ ಹೆಬ್ಬೆರಳಿನಿಂದ ಒತ್ತಿದೆ. ಹೋಯಿತು.

ಬೆಳಿಗ್ಗೆ ದಂಡನಾಯಕರ ಸಂದೇಶ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ. ಉತ್ತರವಾಗಿ ಅವತ್ತಿನ ನಡೆ ಕಳಿಸಿದೆ. ಮಂಗಳವಾರ ನಡೆದೆವು, ಬುಧವಾರ ನಡೆದೆವು. ಗುರುವಾರ ಬೆಳಿಗ್ಗೆ ನಾವೆಲ್ಲ ನದಿಯ ದಡದಲ್ಲಿದ್ದೆವು. ಆಸ್ಪತ್ರೆ, ಲಾರಿ, ಕಾಲಾಳು, ಒಂದೂ ಹಿಂದೆ ಬಿದ್ದಿರಲಿಲ್ಲ. ಸೇತುವೆ ಇರಲಿಲ್ಲ. ಹೇಳಿದ ಮಾತಿಗೆ ತಪ್ಪದ ದಂಡನಾಯಕರು ಬುಧವಾರವೇ ಒಡೆದಿದ್ದರು.

ಇಲ್ಲಿ ನಾನು ಗೆದ್ದೆ ಎಂದು ಬರೆಯುವ ಆಸೆಯಿದೆ. ಆದದ್ದು ಹಾಗಲ್ಲ. ಆ ದಡದಲ್ಲಿ ಇನ್ನೆರಡು ದಿನ ಹೋರಾಡಿ ನನ್ನ ಸಾಲು ಪೂರ್ತಿ ಹೋಯಿತು. ಆಚೆ ದಡದಲ್ಲಿ ನದಿ ಆಳವಿಲ್ಲದ ಒಂದು ಜಾಗವನ್ನು ಕಾಯಲು ನನ್ನ ವೇಗದ ಗಾಡಿಗಳು ಬೇಕಿದ್ದವಂತೆ. ಅವು ಇರಲಿಲ್ಲ. ಡಾಕ್ಟರಮ್ಮ ಅಲ್ಲಿಂದ ತಮ್ಮ ಪಡೆ ದಾಟಿಸಿ, ನಾನು ಬೀಳುವ ಮೊದಲೇ ನಮ್ಮ ಟ್ಯಾಂಕುಗಳನ್ನೆಲ್ಲ ಸುತ್ತುವರಿದು ಮುಗಿಸಿದ್ದರು. ಹುಬ್ಬಳ್ಳಿಯವರ ಟ್ಯಾಂಕೂ ಹೋಗಿತ್ತು. ಕೊನೆಗೆ ಉಳಿದದ್ದು ಈಚೆ ದಡದ ನಾನೇ, ಕೊನೆಗೆ ಬಿದ್ದದ್ದೂ ನಾನೇ. ಆಟ ಸೋತೆವು.

ಹಾಗಾಗಿ ಮೊದಲು ಬರೆಯಬೇಕಾದವನೂ ನಾನೇ.

ದಂಡನಾಯಕರು ಫೋನ್ ಮಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ. "ನೋಡಿ ಸಾರ್, ನಿಯಮದ ಪ್ರಕಾರ ನಿಮ್ಮನ್ನ ತೆಗೀಬೇಕು. ನನಗೆ ಇಷ್ಟ ಇಲ್ಲ. ವರದಿಯಲ್ಲಿ ಒಂದು ಸಾಲು ಬರೆದುಬಿಡಿ. ಆಜ್ಞೆ ಮೀರಿದ್ದರಿಂದ ಸೋತೆವು, ತಪ್ಪಾಯಿತು. ಅಷ್ಟೇ. ನಾನು ಅಲ್ಲಿಗೆ ಮುಗಿಸ್ತೀನಿ. ನಿಮ್ಮ ಜಾಗ ನಿಮಗೇ ಇರುತ್ತೆ."

ಒಂದು ಸಾಲು. ನನ್ನ ಇಡೀ ನೌಕರಿ ಇಂಥ ಸಾಲುಗಳ ಮೇಲೆ ನಿಂತಿದೆ. ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳಲಾಗುವುದು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರೆದುಕೊಡುತ್ತೇನೆ. ಇದನ್ನು ಮಾತ್ರ ಬರೆಯಲು ಆಗಲಿಲ್ಲ. ಬಸ್ಸಿನಲ್ಲಿ ಬರೆಯುವುದು, ಅಳಿಸುವುದು. ನನ್ನಿಂದ ಸೋತೆವೇ? ಇದ್ದರೂ ಇರಬಹುದು. ಅದಕ್ಕೂ ತಪ್ಪಾಯಿತು ಎನ್ನುವುದಕ್ಕೂ ನಡುವೆ ಇರುವ ಅಂತರದಲ್ಲಿ ನಾನು ಸಿಕ್ಕಿಕೊಂಡಿದ್ದೆ.

ನಾನು ಬರೆಯದೆ ಯಾರೂ ಬರೆಯುವಂತಿಲ್ಲವಲ್ಲ. ಇಡೀ ಕೂಟ ಬಾಯಿಗೆ ಬೀಗ ಹಾಕಿಕೊಂಡು ಕಾಯತೊಡಗಿತು. ವಾರ ಕಳೆಯಿತು. ಹುಬ್ಬಳ್ಳಿಯವರು, "ಅಂಗಡಿ ತಗದ್ರ ಮದ್ಲ ನಿಮ್ಮ ಪುಟಾನ ನೋಡ್ತೀನ್ರಿ. ಇನ್ನೂ ಇಲ್ಲ," ಎಂದರು. ಗೆದ್ದ ಡಾಕ್ಟರಮ್ಮನೇ ಸಂದೇಶ ಕಳಿಸಿದರು: "ಸರ್, ನಾವು ಗೆದ್ದು ಭಾಳ ದಿನಾ ಆತ್ರಿ. ಇನ್ನೂ ಹಿಗ್ಗಾಕ ಬಿಟ್ಟಿಲ್ಲ ನೀವು."

ಬದುಕಿನಲ್ಲಿ ಮೊದಲ ಸಲ ಇಷ್ಟೊಂದು ಜನ ನನ್ನ ದಾರಿ ಕಾಯುತ್ತಿದ್ದರು. ಸುಖ ಎನ್ನಲಾರೆ. ಸುಖವೇ ಇರಲಿಲ್ಲ ಎಂದರೂ ಸುಳ್ಳಾಗುತ್ತದೆ.

ಮುಂದಿನ ಭಾನುವಾರ ಹೆಂಡತಿಯ ತವರಿಗೆ ಹೋಗಿದ್ದೆವು. ಮಧ್ಯಾಹ್ನ ಗುಡವಿಗೆ ಹಕ್ಕಿ ನೋಡಲು ಹೋಗೋಣ ಎಂದಳು. ಕೆರೆಯ ಪಕ್ಕದ ವೀಕ್ಷಣಾ ಗೋಪುರ ಹತ್ತಿದೆವು. ಮೆಟ್ಟಿಲು ಭಾರ ತಡೆಯುತ್ತದೋ ಇಲ್ಲವೋ ಎಂದು ನಾನು ಕೆಳಗೆ ಒಮ್ಮೆ ವಿಚಾರಿಸಿದೆ. ಮೇಲೆ ನಿಂತರೆ ಕೆರೆಯ ನಡುವಿನ ಮರಗಳ ತುಂಬ ಬಿಳಿ ಹಕ್ಕಿ. ಅವಳು ಹಕ್ಕಿ ನೋಡುತ್ತಿದ್ದಳು, ನಾನು ಫೋನು ನೋಡುತ್ತಿದ್ದೆ.

"ಎಂತ ಅದು, ಇಲ್ಲೂ?"

ಹೇಳಿದೆ. ಪೂರ್ತಿ ಹೇಳಿದೆ: ಆಸ್ಪತ್ರೆ, ಸೇತುವೆ, ಒಂದು ಸಾಲು. ಅವಳು ಹಕ್ಕಿಗಳಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡಳು.

"ಇನ್ನೊಂದು ಸಲ ಹಾಂಗೇ ಆದ್ರೆ ಎಂತ ಮಾಡ್ತೀರಿ?"

"ಇದೇ ಮಾಡ್ತೀನಿ."

"ಮತ್ತೆ ತಪ್ಪಾಯ್ತು ಅಂತ ಹೆಂಗೆ ಬರೀತೀರಿ?"

"ಬರೀಲಿಲ್ಲ ಅಂದ್ರೆ ತೆಗೀತಾರೆ."

"ತೆಗೀಲಿ ಮಾರಾಯ್ರೆ. ಚಿಂತೆ ಮಾಡೋಕೆ ನಿಮಗೆ ಜಾಗ ಬೇರೆ ಬೇಕಾ? ಎಲ್ಲಿ ಕೂರಿಸಿದ್ರೂ ಮಾಡ್ತೀರಿ." ಆಮೇಲೆ, "ಬೇಗ ಬರೀರಿ. ಹೊತ್ತು ಹೋದ್ರೆ ಹಕ್ಕಿ ಕಾಣೂದಿಲ್ಲ."

ಗೋಪುರದ ಕಂಬಕ್ಕೆ ಒರಗಿ ಬರೆದೆ. ಉದ್ದ ಬರೆಯುವ ಚಟದವನು, ಈ ಸಲ ಚಿಕ್ಕದಾಗಿ ಬರೆದೆ. "ಸೋತೆವು. ಆಸ್ಪತ್ರೆ ಮತ್ತು ಕಾಲಾಳುಗಳನ್ನು ಕೂಡುರಸ್ತೆಯಲ್ಲಿ ಬಿಟ್ಟು ಹೋಗುವಂತೆ ನನಗೆ ಆಜ್ಞೆಯಿತ್ತು. ಬಿಡಲಿಲ್ಲ. ಸೋಲಿಗೆ ಅದೂ ಒಂದು ಕಾರಣವಿರಬಹುದು, ಬಲ್ಲವರು ಲೆಕ್ಕ ಹಾಕಲಿ. ನಾವು ದಡಕ್ಕೆ ಬಂದಾಗ ಸೇತುವೆ ಇರಲಿಲ್ಲ, ಆದರೆ ನಮ್ಮಲ್ಲಿ ಎಲ್ಲರೂ ಇದ್ದರು. ಇನ್ನೊಮ್ಮೆ ಇದೇ ಆಜ್ಞೆ ಬಂದರೆ ಇದನ್ನೇ ಮಾಡುತ್ತೇನೆ. ಇದರಲ್ಲಿ ತಪ್ಪಾಯಿತು ಎಂಬ ಮಾತು ಮರೆತುಹೋಗಿಲ್ಲ. ಬೇಕೆಂದೇ ಬರೆದಿಲ್ಲ."

ಒತ್ತಿದೆ. ಗೋಪುರದ ಮೆಟ್ಟಿಲು ಇಳಿಯುವುದರೊಳಗೆ ತಂಡದ ಗುಂಪಿನಿಂದ ನನ್ನನ್ನು ತೆಗೆದಿದ್ದರು. ದಂಡನಾಯಕರ ಬೇರೆ ಸಂದೇಶ ಬಂದಿತ್ತು: "ಚೆನ್ನಾಗಿ ಬರೆದಿದ್ದೀರಿ ಸಾರ್. ನಿಯಮ ನಿಯಮವೇ." ಎರಡನ್ನೂ ಅವರು ಮನಸ್ಸಿನಿಂದಲೇ ಬರೆದಿದ್ದರು ಎಂದು ಈಗಲೂ ನಂಬಿದ್ದೇನೆ.

ಬೀಗ ತೆಗೆದದ್ದೇ ತಡ, ಕಾದವರೆಲ್ಲ ಬರೆದರು. ಅರ್ಧ ಜನ ನನ್ನನ್ನು ಹಿಗ್ಗಾಮುಗ್ಗಾ ಬೈದಿದ್ದರು. ಹೆಲ್ಮೆಟ್ ಕುರಿ ಮತ್ತೆ ಬಂತು, ಈ ಸಲ ಒಡೆದ ಸೇತುವೆಯ ಮುಂದೆ ಕೂತು ಮೇಯುತ್ತಿತ್ತು. ಡಾಕ್ಟರಮ್ಮ ತಮ್ಮ ಗೆಲುವನ್ನು ಮನಸೋ ಇಚ್ಛೆ ಹಿಗ್ಗಿ ಬರೆದು, ನಡುವೆ ಒಂದು ಕಡೆ, "ಆ ಆಸ್ಪತ್ರಿ ಹತ್ರ ಯಾರೂ ಇರಂಗಿಲ್ಲ ಅನ್ಕೊಂಡು ಹೋದ್ವಿ. ಎಲ್ಲಾರೂ ಇದ್ರು," ಎಂದು ಬರೆದು ಮುಂದಕ್ಕೆ ಹೋಗಿದ್ದರು. ಹೊಗಳಿಕೆಯೋ ದೂರೋ ತಿಳಿಯಲಿಲ್ಲ. ಎರಡು ಸಲ ಓದಿದೆ.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಬಸ್ಸಿನಲ್ಲಿ ಕೈ ತಾನಾಗಿ ಫೋನಿಗೆ ಹೋಗುತ್ತಿತ್ತು, ಅಲ್ಲಿ ಯಾರೂ ನನಗಾಗಿ ಹಸಿದು ಕೂತಿರಲಿಲ್ಲ. ಕೆಲಸವಿಲ್ಲದ ಚಿಂತೆ ಮನೆಗೆ ಬಂತು. ನೀರಿನ ಟ್ಯಾಂಕಿನ ಮುಚ್ಚಳವನ್ನು ದಿನಕ್ಕೆ ಎರಡು ಸಲ ಮಾಳಿಗೆ ಹತ್ತಿ ನೋಡತೊಡಗಿದೆ. ಹೆಂಡತಿ ಮೂರು ದಿನ ನೋಡಿ, ನಾಲ್ಕನೇ ದಿನ, "ಒಂದು ಯುದ್ಧ ಆದ್ರೂ ಶುರು ಮಾಡಿ, ನನ್ನ ಕೈಯಲ್ಲಿ ಆಗೂದಿಲ್ಲ," ಎಂದಳು.

ಮುಂದಿನ ದೊಡ್ಡ ಆಟಕ್ಕೆ ಹೊಸ ತಂಡಗಳನ್ನು ಕರೆದಿದ್ದರು. ತಂಡವಿಲ್ಲದವನು ತಾನೇ ಒಂದು ತಂಡ ಕಟ್ಟಬಹುದು. ಕಟ್ಟಿದರೆ ಐದು ಜನ ಬರಬೇಕು. ಯಾರೂ ಬರದಿದ್ದರೆ ಎಂಬ ಚಿಂತೆ ಕೂಡಲೇ ಶುರುವಾಯಿತು, ಅದು ಬೆಳೆಯುವ ಮೊದಲೇ ಒತ್ತಿಬಿಡಬೇಕಿತ್ತು. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಇಳಿದು, ಈ ಸಲ ಮಿರ್ಚಿ ತಗೊಳ್ಳದೆ, ಕೈ ಒರೆಸಿಕೊಂಡು ಹೊಸ ತಂಡದ ಅರ್ಜಿ ಪುಟ ತುಂಬಿಸಿದೆ. ತಂಡದ ಹೆಸರು: ಕುರಿ ರೊಪ್ಪ. ನಾಯಕರ ಮಾತು ಎಂಬಲ್ಲಿ, "ಇಲ್ಲಿ ವೇಗದವರು ಕಾಯಬೇಕು. ಕಾಯಲಾಗದವರು ಬರಬೇಡಿ," ಎಂದು ಬರೆದೆ.

ಇಬ್ಬರು ಬಂದಿದ್ದಾರೆ. ಒಬ್ಬರು ಹುಬ್ಬಳ್ಳಿಯವರು. "ದಂಡನಾಯಕ್ರಿಗೆ ಹೇಳೇ ಬಂದೀನ್ರಿ. ನನ್ನ ಟ್ಯಾಂಕ್ ಹಿಂದ ನಿಂತು ಕಾಯೂದಂದ್ರ ನನಗ ಸಿಟ್ಟು ಬರ್ತದ, ಬೈತೀನಿ. ಬೈಸ್ಕೋರಿ," ಎಂದಿದ್ದಾರೆ. ಇನ್ನೊಬ್ಬರು ಯಾರೋ ಹೊಸಬರು, ಮೊದಲ ಆಟದಲ್ಲೇ ಲಾರಿ ಕಳೆದುಕೊಂಡವರಂತೆ. ಇನ್ನೂ ಮೂವರು ಬೇಕು. ಬರಲಿ, ಬಾರದಿರಲಿ.

ಅವತ್ತು ತುಂಬಿಸಿದ ಆ ಪುಟದ ಕೆಳಗೆ ಇನ್ನೆರಡು ಖಾನೆಗಳಿದ್ದವು. ಹಿಂದಿನ ಗೆಲುವುಗಳು ಎಂಬುದನ್ನು ಖಾಲಿ ಬಿಟ್ಟೆ. ನಾಯಕರ ಅನುಭವ ಎಂಬಲ್ಲಿ ಸ್ವಲ್ಪ ಹೊತ್ತು ನಿಂತೆ. ಕಂಡಕ್ಟರ್ ಕೂಗುತ್ತಿದ್ದರು. ಕುರಿ ಕಾದಿದ್ದೇನೆ ಎಂದು ಬರೆದು ಬಸ್ಸು ಹತ್ತಿದೆ. ಟೈರು ನೋಡಲಿಲ್ಲ.